ಊಟ ಹಾಕ್ತೀವಲ್ಲ, ಕೂಲಿ ಯಾಕೆ?

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಬುದ್ಧಿ ಬೆಳವಣಿಗೆ ನಿಧಾನವಾದವರೂ ಬೆಳಗಿನಿಂದ ಬೈಗಿನತನಕ ದುಡಿಯುತ್ತಾರೆ. ಆ ದುಡಿಮೆಗೆ ಹೆಸರು, ಹೊತ್ತು, ಸಂಬಳ ಗೊತ್ತುಮಾಡುವವರು ಮಾತ್ರ ಸಿಗುತ್ತಿಲ್ಲ.

ಹನೂರಿನಿಂದ ಲೊಕ್ಕನಹಳ್ಳಿ ಕಡೆಗೋ ರಾಮಾಪುರದ ಕಡೆಗೋ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಹೊರಟರೆ ಆಡಿನ ಮಂದೆಗಳು ರಸ್ತೆ ದಾಟುತ್ತಿರುತ್ತವೆ. ಮಂದೆಯ ಹಿಂದೆ ಕೋಲು ಹಿಡಿದು ನಡೆಯುವವರಲ್ಲಿ ಒಬ್ಬಿಬ್ಬರನ್ನು ಊರು ‘ಪಾಪದವನು’ ಎಂದು ಕರೆಯುತ್ತದೆ. ವಯಸ್ಸು ಇಪ್ಪತ್ತೈದೋ ಮೂವತ್ತೋ ಇರುತ್ತದೆ. ಶಾಲೆಗೆ ಹೋಗಿದ್ದು ಎರಡೋ ಮೂರೋ ವರ್ಷ. ಹತ್ತರ ಮೇಲೆ ಎಣಿಸಲು ಬಾರದಿದ್ದರೂ ಮಂದೆಯಲ್ಲಿ ಒಂದು ಮರಿ ಕಮ್ಮಿಯಾದರೆ ಸಂಜೆಯೊಳಗೆ ಹುಡುಕಿ ತರುತ್ತಾನೆ. ಪಡಿತರ ಚೀಟಿಯಲ್ಲಿ ಅವನ ಹೆಸರಿದೆ, ಅದೃಷ್ಟವಿದ್ದರೆ ಮಾಸಾಶನದ ಪಟ್ಟಿಯಲ್ಲೂ ಇರುತ್ತದೆ. ದುಡಿಯುವವರ ಲೆಕ್ಕದಲ್ಲಿ ಮಾತ್ರ ಎಲ್ಲೂ ಇಲ್ಲ. ಆಡಿನ ಯಜಮಾನರನ್ನು ಕೇಳಿದರೆ ಸಿದ್ಧ ಉತ್ತರ ಬರುತ್ತದೆ: ‘ಅವನಿಗೆ ದುಡ್ಡು ಕೊಟ್ಟು ಏನು ಮಾಡೋದು ಸ್ವಾಮಿ, ಊಟ ಹಾಕ್ತೀವಲ್ಲ.’

ಹೇಳುವವರು ಕೆಟ್ಟವರೇನಲ್ಲ. ಎಷ್ಟೋ ಸಲ ಅವರು ಆ ಹುಡುಗನ ಚಿಕ್ಕಪ್ಪನೋ ಸೋದರಮಾವನೋ ಆಗಿರುತ್ತಾರೆ. ಹಬ್ಬಕ್ಕೆ ಬಟ್ಟೆ ಕೊಡಿಸುತ್ತಾರೆ, ಜ್ವರ ಬಂದರೆ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಆದರೂ ಇದೇ ಮಾತನ್ನು ಬುದ್ಧಿ ಸರಿಯಿರುವ ಆಳಿಗೆ ಹೇಳಿದ್ದರೆ ಅದನ್ನು ಜೀತ ಅನ್ನುತ್ತಿದ್ದೆವು, 1976ರ ಕಾಯ್ದೆ ನೆನಪಿಗೆ ಬರುತ್ತಿತ್ತು. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್ ಇರುವವರ ಉದ್ಯೋಗದ ಬಗ್ಗೆ ಸಭೆ ಸಮಾರಂಭಗಳಲ್ಲಿ ಮಾತು ಶುರುವಾಗುವುದೇ ‘ಇವರಿಗೆ ಕೆಲಸ ಮಾಡೋಕೆ ಆಗುತ್ತಾ?’ ಎಂಬಲ್ಲಿಂದ. ಈ ಮೂರು ತಾಲ್ಲೂಕಿನ ಮಟ್ಟಿಗೆ ಆ ಪ್ರಶ್ನೆಗೆ ಮಂದೆಯ ಹಿಂದೆ, ದನದ ಕೊಟ್ಟಿಗೆಯಲ್ಲಿ, ನೀರಿನ ಬಿಂದಿಗೆಯ ಸಾಲಿನಲ್ಲಿ ಎಂದೋ ಉತ್ತರ ಸಿಕ್ಕಿಬಿಟ್ಟಿದೆ. ಇನ್ನು ಕೇಳಬೇಕಾದದ್ದು ಕೂಲಿಯನ್ನು.

2018ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತಿನಲ್ಲಿ, ಅಂಗವೈಕಲ್ಯವಿರುವ 15 ವರ್ಷ ದಾಟಿದವರಲ್ಲಿ ದುಡಿಮೆಯಲ್ಲಿ ಇರುವವರು ಅಥವಾ ದುಡಿಮೆ ಹುಡುಕುತ್ತಿರುವವರು ಶೇ 23.8 ಮಾತ್ರ ಎಂದು ಕಂಡುಬಂತು. ಎಲ್ಲ ಬಗೆಯ ಅಂಗವೈಕಲ್ಯವೂ ಸೇರಿದ ಅಂಕಿ ಇದು. 2011ರ ಜನಗಣತಿ ದೇಶದಲ್ಲಿ ಸುಮಾರು 15 ಲಕ್ಷ ಬುದ್ಧಿಮಾಂದ್ಯರನ್ನು ಎಣಿಸಿತ್ತು. ಮನೆಯೊಳಗೆ ಅಡಗಿಸಿಟ್ಟವರನ್ನು, ‘ಸ್ವಲ್ಪ ಮಂಕು ಅಷ್ಟೇ’ ಅಂದು ಬರೆಸದೇ ಬಿಟ್ಟವರನ್ನು ಯಾವ ಗಣತಿಯೂ ಮುಟ್ಟಲಾರದು.

ರೇಷ್ಮೆ ಸೀಮೆಯ ಕೆಲಸ

1956ರಲ್ಲಿ ರಾಜ್ಯ ಪುನರ್ವಿಂಗಡಣೆ ಆಗುವ ತನಕ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮದ್ರಾಸ್ ಪ್ರಾಂತ್ಯದ ಹಿಪ್ಪುನೇರಳೆ ರೇಷ್ಮೆಗೆ ಮುಖ್ಯ ನೆಲೆ ಈ ತಾಲ್ಲೂಕೇ. ಇಂದಿಗೂ ಇಲ್ಲಿ ಹುಳು ಸಾಕುವ ಮನೆಗಳಿವೆ, ಗೂಡಿನ ಮಾರುಕಟ್ಟೆಯಿದೆ, ಮಗ್ಗಗಳಿವೆ, ಜರಿ ಸೀರೆಗೆ ಊರಿನ ಹೆಸರೇ ಅಂಟಿಕೊಂಡಿದೆ. ಉದ್ಯೋಗ ಯೋಜನೆ ಅಂದೊಡನೆ ಮೇಣದಬತ್ತಿ, ಕಾಗದದ ಚೀಲ, ಫಿನಾಯಿಲ್ ಎಂದು ಯೋಚಿಸುವ ತರಬೇತಿಯವರು ಇಲ್ಲಿಗೆ ಬಂದರೆ ಮೊದಲು ಒಂದು ಹುಳುವಿನ ಮನೆಯಲ್ಲಿ ಒಂದು ಬೆಳೆ ಪೂರ್ತಿ ಕೂತು ನೋಡಬೇಕು. ಯಾರೂ ಕೊಳ್ಳದ ಮೇಣದಬತ್ತಿಗಳ ರಾಶಿ ನಮ್ಮ ನಾಡಿನ ಎಷ್ಟು ತರಬೇತಿ ಕೇಂದ್ರಗಳ ಕಪಾಟಿನಲ್ಲಿ ಬಣ್ಣಗೆಡುತ್ತಿದೆಯೋ!

ಹುಳು ಸಾಕಣೆಯಲ್ಲಿ ಹೊತ್ತು ತಪ್ಪುವಂತಿಲ್ಲ. ಮೊಟ್ಟೆಯೊಡೆದ ಮೇಲೆ ನಾಲ್ಕು ಜ್ವರ (ಹುಳು ಪೊರೆ ಬಿಡುವ ಹೊತ್ತು), ಐದು ಹಂತ, ಹೆಚ್ಚು ಕಮ್ಮಿ 25 ದಿನ. ಪ್ರತಿದಿನ ಅದೇ ಹೊತ್ತಿಗೆ ಸೊಪ್ಪು ಹಾಕಬೇಕು. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ನಿಲ್ಲಿಸಿ ಸುಣ್ಣದ ಪುಡಿ ಉದುರಿಸಬೇಕು. ಕೊನೆಯ ಹಂತದಲ್ಲಿ ಹುಳು ಅದುವರೆಗೆ ತಿಂದದ್ದಕ್ಕಿಂತ ಹಲವು ಪಟ್ಟು ತಿನ್ನುತ್ತದೆ, ಮನೆಮಂದಿಗೆಲ್ಲ ಕೈತುಂಬ ಕೆಲಸ. ಹುಳು ಹಣ್ಣಾದಾಗ ಆರಿಸಿ, ಗೂಡು ಕಟ್ಟುವ ಬಿದಿರಿನ ತಟ್ಟೆಯಾದ ಚಂದ್ರಿಕೆಗೆ ಬಿಡುತ್ತಾರೆ. ಐದಾರು ದಿನಕ್ಕೆ ಗೂಡು ಗಟ್ಟಿಯಾಗುತ್ತದೆ, ಬಿಡಿಸಬೇಕು. ದಿನವೂ ಒಂದೇ ಕ್ರಮ, ಒಂದೇ ಜಾಗ, ಅವೇ ಮುಖಗಳು. ಕ್ರಮ ತಪ್ಪಿದರೆ ಕಂಗಾಲಾಗುವ, ಹೊಸಬರ ಗುಂಪಿನಲ್ಲಿ ಕಿವಿ ಮುಚ್ಚಿಕೊಳ್ಳುವ ಆಟಿಸಂನ ಎಷ್ಟೋ ಹುಡುಗರಿಗೆ ಕಟ್ಟುನಿಟ್ಟಾಗಿ ಗಂಟೆಗೆ ಹೊಂದಿಕೊಂಡ ಇಂಥ ಕೆಲಸ ಒಗ್ಗುತ್ತದೆ. ವಾಸನೆ ಸಹಿಸಲಾಗದವರಿಗೆ ಒಗ್ಗುವುದಿಲ್ಲ, ಅದೂ ನಿಜ.

ಗೂಡು ಬಿಡಿಸುವುದೊಂದನ್ನೇ ಹತ್ತಿರದಿಂದ ನೋಡೋಣ. ಬಲ್ಲವರಿಗೆ ಅದು ಒಂದೇ ಕೆಲಸ. ಕಲಿಸುವವರ ಕಣ್ಣಿಗೆ ಏಳೆಂಟು ಕೆಲಸ. ಚಂದ್ರಿಕೆಯನ್ನು ಮುಂದೆ ಅಡ್ಡ ಮಲಗಿಸಿಕೊಳ್ಳುವುದು. ಸತ್ತ, ಕರಗಿದ ಹುಳುಗಳನ್ನು ಮೊದಲು ತೆಗೆದೆಸೆಯುವುದು, ಇಲ್ಲದಿದ್ದರೆ ಅದರ ರಸ ತಾಗಿ ಒಳ್ಳೆಯ ಗೂಡಿಗೆ ಕಲೆ. ಒಂದು ಗೂಡನ್ನು ಎರಡು ಬೆರಳಲ್ಲಿ ಹಿಡಿದು ಹಿಸುಕದೆ ಎಳೆಯುವುದು. ಮೇಲಿನ ಜುಂಗು ಬಿಡಿಸುವುದು. ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು. ಒಳ್ಳೆಯದನ್ನು ಒಂದು ಬುಟ್ಟಿಗೆ, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡನ್ನು ಇನ್ನೊಂದಕ್ಕೆ, ಕಲೆಯದ್ದನ್ನು ಮೂರನೆಯದಕ್ಕೆ ಹಾಕುವುದು. ‘ಗೂಡು ಬಿಡಿಸಪ್ಪ’ ಅಂದರೆ ಕೈ ಕಟ್ಟಿ ನಿಲ್ಲುವ ಹುಡುಗನಿಗೆ ಮೊದಲ ವಾರ ಕೊನೆಯ ಹೆಜ್ಜೆಯೊಂದನ್ನೇ ಕೊಡಬೇಕು: ಬಿಡಿಸಿಟ್ಟ ಒಳ್ಳೆಯ ಗೂಡನ್ನು ಬುಟ್ಟಿಗೆ ಹಾಕುವುದು. ಬುಟ್ಟಿ ತುಂಬಿದ್ದು ಅವನಿಗೆ ಕಾಣುತ್ತದೆ, ಕೆಲಸ ಮುಗಿಸಿದವನು ಅವನೇ ಆಗುತ್ತಾನೆ. ಅದು ಕೈಗೆ ಕೂತ ಮೇಲೆ ಅದರ ಹಿಂದಿನ ಹೆಜ್ಜೆ, ಆಮೇಲೆ ಅದರ ಹಿಂದಿನದು. ಮೂರು ಬುಟ್ಟಿಯ ಮೇಲೂ ಒಂದೊಂದು ಮಾದರಿ ಗೂಡು ಕಟ್ಟಿಟ್ಟರೆ ಬರೆದ ಚೀಟಿಯೂ ಬೇಡ, ಬಾಯಿಮಾತೂ ಬೇಡ.

ಈ ವಿದ್ಯೆ ಹೊಸದಲ್ಲ. 1970ರ ದಶಕದಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಮಾರ್ಕ್ ಗೋಲ್ಡ್ ಎಂಬಾತ, ಏನೂ ಕಲಿಯಲಾರರು ಎಂದು ಆಶ್ರಮಗಳಿಗೆ ಸೇರಿಸಿದ್ದವರ ಕೈಗೆ 15 ಬಿಡಿಭಾಗಗಳ ಸೈಕಲ್ ಬ್ರೇಕ್ ಕೊಟ್ಟು, ಬಾಯಿಮಾತು ಕಡಿಮೆ ಮಾಡಿ, ಹೆಜ್ಜೆ ಹೆಜ್ಜೆಯಾಗಿ ಜೋಡಿಸಲು ಕಲಿಸಿದ. ಅವರು ಕಲಿತರು. ಕಲಿಯದಿದ್ದರೆ ಕಲಿಸಿದ ಬಗೆ ಬದಲಾಗಬೇಕು, ಶಿಷ್ಯನನ್ನು ದೂರಬಾರದು ಎಂಬುದು ಅವನ ಪಟ್ಟು. ಮೊದಲು ತರಬೇತಿ, ಆಮೇಲೆ ಎಂದೋ ಕೆಲಸ ಎಂಬ ಪದ್ಧತಿ ಹೋಗಿ, ಮೊದಲು ನಿಜವಾದ ಕೆಲಸದ ಜಾಗಕ್ಕೆ ಸೇರಿಸು, ಅಲ್ಲೇ ಪಕ್ಕದಲ್ಲಿ ನಿಂತು ಕಲಿಸು, ನಿಧಾನಕ್ಕೆ ಹಿಂದೆ ಸರಿ ಎಂಬ ಪದ್ಧತಿ ಬಂದದ್ದು ಅಲ್ಲಿಂದಾಚೆಗೆ. ಹಾಗೆ ಪಕ್ಕದಲ್ಲಿ ನಿಲ್ಲುವವರನ್ನು ನಗರದ ಸಂಸ್ಥೆಗಳು ಜಾಬ್ ಕೋಚ್ ಅನ್ನುತ್ತವೆ. ನಮ್ಮ ಕಡೆ ಜೊತೆಗಾರ ಅಂದರೆ ಸಾಕು.

ಯಳಂದೂರು ಜಗತ್ತಿಗೆ ಕಲಿಸಿದ ಪಾಠ

ಕೆಲಸ ಆರಿಸುವ ಮುನ್ನ ಕೇಳಲೇಬೇಕಾದ ಒಂದು ಪ್ರಶ್ನೆ ಮೂರ್ಛೆಯದು. ಬೌದ್ಧಿಕ ಅಂಗವೈಕಲ್ಯ, ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ ಮೂರ್ಛೆರೋಗ ಉಳಿದವರಿಗಿಂತ ಬಹಳ ಹೆಚ್ಚು. ಈ ವಿಷಯದಲ್ಲಿ ಯಳಂದೂರಿನ ಹೆಸರು ವೈದ್ಯಲೋಕಕ್ಕೆಲ್ಲ ಗೊತ್ತು, ಯಳಂದೂರಿನವರಿಗೇ ಅಷ್ಟಾಗಿ ಗೊತ್ತಿಲ್ಲ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಈ ಪುಟ್ಟ ತಾಲ್ಲೂಕಿನ ಸುಮಾರು 65 ಸಾವಿರ ಜನರ ನಡುವೆ ಮನೆಮನೆ ಸಮೀಕ್ಷೆ ನಡೆಸಿ, ಸಾವಿರಕ್ಕೆ ನಾಲ್ಕೂವರೆಗಿಂತ ತುಸು ಹೆಚ್ಚು ಮಂದಿಗೆ ಮೂರ್ಛೆರೋಗವಿದೆಯೆಂದು ಕಂಡುಕೊಂಡರು. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ವಿಚಿತ್ರ ಮೂರ್ಛೆಯೂ ಇಲ್ಲಿ ಸಾಕಷ್ಟು ಸಿಕ್ಕಿತು. ‘ಯಳಂದೂರು ಅಧ್ಯಯನ’ ಎಂದೇ ಹೆಸರಾದ ಅದರ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಫಿನೋಬಾರ್ಬಿಟೋನ್, ಫೆನಿಟಾಯಿನ್‌ನಂಥ ಅಗ್ಗದ ಹಳೆಯ ಮಾತ್ರೆಗಳಲ್ಲೇ ಹಳ್ಳಿಯಲ್ಲಿ ಮೂರ್ಛೆಯನ್ನು ಹತೋಟಿಗೆ ತರಬಹುದು ಎಂದು ತೋರಿಸಿದ ಮುಂದಿನ ಭಾಗ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು.

ಉದ್ಯೋಗಕ್ಕೂ ಇದಕ್ಕೂ ನೇರ ನಂಟಿದೆ. ಕುದಿನೀರಿನ ಬಾಣಲೆಯ ಮುಂದೆ ಕೂತು ನೂಲು ಬಿಚ್ಚುವ ಕೆಲಸ, ಆಲೆಮನೆಯ ಕೊಪ್ಪರಿಗೆ, ಕಟ್ಟೆಯಿಲ್ಲದ ಬಾವಿ, ಕಲ್ಲು ಕ್ವಾರಿಯ ಅಂಚು ಇವೆಲ್ಲ ಮೂರ್ಛೆ ಬರುವವರಿಗೆ ಹೇಳಿದ್ದಲ್ಲ. ಗೂಡು ಬಿಡಿಸುವುದು, ನರ್ಸರಿಯಲ್ಲಿ ಚೀಲಕ್ಕೆ ಮಣ್ಣು ತುಂಬುವುದು, ಸೀರೆ ಮಡಿಸಿ ಡಬ್ಬಿಗಿಡುವುದು ಆಗುತ್ತದೆ. ಮಾತ್ರೆ ತಪ್ಪದಿದ್ದರೆ ಆಗುವ ಕೆಲಸಗಳ ಪಟ್ಟಿ ಇನ್ನೂ ಬೆಳೆಯುತ್ತದೆ. ‘ಫಿಟ್ಸ್ ಬರುತ್ತೆ, ಬೇಡ’ ಎಂದು ಒಂದೇ ಏಟಿಗೆ ಬಾಗಿಲು ಹಾಕುವುದಕ್ಕಿಂತ, ಯಾವ ಹೊತ್ತಿಗೆ ಬರುತ್ತದೆ, ಕೊನೆಯ ಸಲ ಬಂದದ್ದು ಎಂದು, ಬಂದಾಗ ಪಕ್ಕದವರು ಏನು ಮಾಡಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಕೆಲಸದ ಜಾಗದಲ್ಲಿ ಅಂಟಿಸುವುದು ಮೇಲು. ಇದೇ ತಾಲ್ಲೂಕಿನಲ್ಲಿ ಕುಷ್ಠರೋಗದ ವಿರುದ್ಧ ಕೆಲಸಕ್ಕಿಳಿದು 1986ರಲ್ಲಿ ಹುಟ್ಟಿದ ಕರುಣಾ ಟ್ರಸ್ಟ್ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ವಹಿಸಿಕೊಂಡು, ಮೂರ್ಛೆ, ಮನೋರೋಗಗಳ ಚಿಕಿತ್ಸೆಯನ್ನೂ ಹಳ್ಳಿಯ ಆಸ್ಪತ್ರೆಯ ಬಾಗಿಲಿಗೆ ತಂದಿತು. ದಾರಿ ತೋರಿಸಿದವರು ಇಲ್ಲೇ ಇದ್ದಾರೆ.

ಹದಿನೆಂಟರ ಪ್ರಪಾತ

ಆರರಿಂದ ಹದಿನೆಂಟರವರೆಗೆ ಸರ್ಕಾರ ಹೇಗೋ ಕೈ ಹಿಡಿಯುತ್ತದೆ. ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣವಿದೆ, ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರು ಮನೆಗೇ ಬರುತ್ತಾರೆ. ಹದಿನೆಂಟು ತುಂಬಿದ ಮಾರನೆಯ ದಿನ ಅವರು ಬರುವುದಿಲ್ಲ. ಅದುವರೆಗೆ ಕಲಿತ ಬಣ್ಣ, ಆಕಾರ, ನಾಣ್ಯದ ಗುರುತು ಒಂದೆರಡು ವರ್ಷದಲ್ಲಿ ಮಾಸುತ್ತದೆ. ತಾಯಿಗೆ ಸೊಂಟ ನೋವು ಶುರುವಾಗುವ ವಯಸ್ಸಿನಲ್ಲಿ ಮಗ ಆಳೆತ್ತರ ಬೆಳೆದು ಮನೆಯಲ್ಲಿ ಕೂರುತ್ತಾನೆ. ‘ನಾವು ಹೋದ ಮೇಲೆ ಇವನ ಗತಿ ಏನು?’ ಎಂಬ ಮಾತು ಪ್ರತಿ ಮನೆಯಲ್ಲೂ ಕೇಳುತ್ತದೆ. ಅದಕ್ಕೆ ತಯಾರಿ ಮಾತ್ರ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ತಯಾರಿ ಹದಿನಾಲ್ಕಕ್ಕೆ ಶುರುವಾಗಬೇಕು, ಅದೂ ಅಡುಗೆಮನೆಯಲ್ಲಿ. ತನ್ನ ತಟ್ಟೆ ತಾನು ತೊಳೆಯುವುದು, ಗಡಿಯಾರ ನೋಡಲು ಬಾರದಿದ್ದರೂ ಏಳು ಗಂಟೆಯ ಬಸ್ಸಿನ ಹಾರನ್ ಕೇಳಿ ಏಳುವುದು, ಅಂಗಡಿಯಿಂದ ಉಪ್ಪು ತಂದು ಚಿಲ್ಲರೆ ಹಿಂದಿರುಗಿಸುವುದು, ಬೇಡವಾದ್ದಕ್ಕೆ ಬೇಡ ಅನ್ನುವುದು. ಕೆಲಸ ಕಳೆದುಕೊಳ್ಳುವವರಲ್ಲಿ ಬಹಳ ಮಂದಿ ಕೈಕೆಲಸ ಬಾರದೆ ಕಳೆದುಕೊಳ್ಳುವುದಿಲ್ಲ. ಹೊತ್ತಿಗೆ ಸರಿಯಾಗಿ ಹೋಗದೆ, ಸ್ನಾನ ಮಾಡದೆ, ಯಜಮಾನನ ಮೇಜಿನ ಮೇಲಿದ್ದ ತಿಂಡಿಗೆ ಕೈಹಾಕಿ ಕಳೆದುಕೊಳ್ಳುತ್ತಾರೆ. ಎಂಟನೆಯ ವಯಸ್ಸಿನಲ್ಲಿ ಮಗುವೆಂದು ಮುದ್ದಿನಲ್ಲಿ ಬಿಟ್ಟಿದ್ದನ್ನು ಇಪ್ಪತ್ತೆರಡರಲ್ಲಿ ಲೋಕ ಬಿಡುವುದಿಲ್ಲ.

ಯೋಜನೆ ಅಂದರೆ ದೊಡ್ಡ ದಸ್ತಾವೇಜೇನೂ ಬೇಡ. ಹುಡುಗಿ ಯಾರೂ ಹೇಳದೆ ತಾನಾಗಿ ಮಾಡುವ ಕೆಲಸ ಯಾವುದು, ದಿನದ ಯಾವ ಹೊತ್ತು ಅವಳಿಗೆ ಹಿತ, ಯಾವ ಸದ್ದು ಆಗದು, ಊರಿನಲ್ಲಿ ಅವಳು ಸಲೀಸಾಗಿ ಹೋಗಿ ಕೂರುವ ಮನೆಗಳು ಯಾವುವು, ಆ ಮನೆಯವರು ಏನು ವ್ಯಾಪಾರ ಮಾಡುತ್ತಾರೆ? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಹೆಚ್ಚಿನ ಸಲ ಕೆಲಸ ಅಡಗಿರುತ್ತದೆ. ಹಳ್ಳಿಯಲ್ಲಿ ಕೆಲಸ ಸಿಗುವುದು ಅರ್ಜಿಯಿಂದಲ್ಲ, ಗುರುತಿನಿಂದ.

ಹೆಣ್ಣುಮಕ್ಕಳ ವಿಷಯದಲ್ಲಿ ತಾಯಂದಿರ ಭಯ ಬೇರೆಯೇ, ಅದನ್ನು ಅಲ್ಲಗಳೆಯುವಂತಿಲ್ಲ. ಹಾಗೆಂದು ಮನೆಯೊಳಗೇ ಇಟ್ಟರೆ ಅಪಾಯ ಹೊರಗೇ ಉಳಿಯುತ್ತದೆ ಎನ್ನುವ ಖಾತ್ರಿ ಇಲ್ಲ. ಸ್ತ್ರೀಶಕ್ತಿ ಸಂಘದ ಹೆಂಗಸರು ಕೂಡಿ ದುಡಿಯುವ ಜಾಗ, ಹೋಗಿಬರಲು ಗೊತ್ತಾದ ಜೊತೆ, ಯಾರು ಎಲ್ಲಿ ಮುಟ್ಟಿದರೆ ಕಿರುಚಬೇಕು ಎಂಬ ಕಲಿಕೆ, ಇವು ಮೂರೂ ಇದ್ದರೆ ಕಳಿಸಬಹುದು.

ಕಾಗದದ ಮೇಲಿನ ಹಕ್ಕು

1995ರ ಅಂಗವಿಕಲರ ಕಾಯ್ದೆಯಲ್ಲಿ ಸರ್ಕಾರಿ ಉದ್ಯೋಗದ ಶೇ 3ರ ಮೀಸಲಾತಿ ಕಣ್ಣು, ಕಿವಿ, ಕೈಕಾಲುಗಳಿಗೆ ಮೀಸಲಾಗಿತ್ತು. ಬುದ್ಧಿಯ ಊನ ಇರುವವರಿಗೆ ಪಾಲಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಶೇ 4ಕ್ಕೆ ಏರಿಸಿ, ಅದರಲ್ಲಿ ಶೇ 1ನ್ನು ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಬಹುವಿಧ ಅಂಗವೈಕಲ್ಯದವರಿಗೆ ಹಂಚಿತು. ಕೇಳಲು ಚೆನ್ನ. ಹುದ್ದೆಗೆ ಬೇಕಾದ ವಿದ್ಯಾರ್ಹತೆ, ಪರೀಕ್ಷೆಗಳನ್ನು ಹಾಗೆಯೇ ಇಟ್ಟುಕೊಂಡಿರುವಾಗ ಹನೂರಿನ ಆಡು ಕಾಯುವವನ ಮನೆಗೆ ಆ ಶೇ 1 ಬರುವ ದಾರಿ ನನಗಂತೂ ಕಾಣುತ್ತಿಲ್ಲ. ಅದೇ ಕಾಯ್ದೆಯ 37ನೇ ಕಲಮು ಹೆಚ್ಚು ಉಪಯೋಗದ್ದು: ಬಡತನ ನಿವಾರಣೆಯ ಎಲ್ಲ ಯೋಜನೆಗಳಲ್ಲಿ, ಜಮೀನು ಹಂಚಿಕೆಯಲ್ಲಿ ಶೇ 5 ಮೀಸಲು. ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳುವ ಹಕ್ಕನ್ನು 13ನೇ ಕಲಮು ಎತ್ತಿಹಿಡಿಯುತ್ತದೆ. ಹದಿನೆಂಟು ದಾಟಿದವರಿಗೆ ಪೋಷಕರ ನೇಮಕ ಬೇಕೆನಿಸಿದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಡಬಹುದು. ಹಿಂದೆಮುಂದೆ ನೋಡದೆ ಎಲ್ಲರಿಗೂ ಅದನ್ನು ಮಾಡಿಸಿಬಿಡುವ ಉತ್ಸಾಹ ಮಾತ್ರ ಬೇಡ.

ಎಲ್ಲಕ್ಕೂ ಮೂಲ ಯುಡಿಐಡಿ ಎಂಬ ಅಂಗವೈಕಲ್ಯದ ಗುರುತಿನ ಕಾರ್ಡು, ಮೀಸಲಾತಿಗೆ ಅದರಲ್ಲಿ ಕನಿಷ್ಠ ಶೇ 40 ಎಂದು ನಮೂದಾಗಿರಬೇಕು. ಕೈಕಾಲಿನ ಊನ ಕಣ್ಣಿಗೆ ಕಾಣುತ್ತದೆ, ಬುದ್ಧಿಯದ್ದಕ್ಕೆ ಮನಶ್ಶಾಸ್ತ್ರಜ್ಞರ ಪರೀಕ್ಷೆ ಆಗಬೇಕು. ಮಹದೇಶ್ವರ ಬೆಟ್ಟದ ಆಚೆಯ ಊರಿನವರು ಅದಕ್ಕಾಗಿ ಚಾಮರಾಜನಗರಕ್ಕೋ ಮೈಸೂರಿಗೋ ಹೋಗಬೇಕು. ಮೂರೂ ತಾಲ್ಲೂಕಿಗೆ ರೈಲಿಲ್ಲ, ಬಸ್ಸೇ ಗತಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಯ ಟಿಕೆಟ್ ಉಳಿಯುತ್ತದೆ, ಮಗನಿಗೆ ರಿಯಾಯಿತಿ ಪಾಸು ಸಿಗುತ್ತದೆ. ಒಂದು ದಿನದ ಕೂಲಿ ಹೋಗುವುದನ್ನು ಯಾವ ಪಾಸೂ ತುಂಬಿಕೊಡುವುದಿಲ್ಲ.

ಪಂಚಾಯಿತಿಯ ಕೈಯಲ್ಲಿ ಏನಿದೆ

ಬೆಂಗಳೂರಿನಲ್ಲಿ ಸ್ಪ್ಯಾಸ್ಟಿಕ್ಸ್ ಸೊಸೈಟಿ 1980ರಿಂದ, ಎನೇಬಲ್ ಇಂಡಿಯಾ 1999ರಿಂದ ಕೆಲಸ ಮಾಡುತ್ತಿವೆ. 2017ರಲ್ಲಿ ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ಶುರುವಾದ ಮಿಟ್ಟಿ ಕೆಫೆ, ಬೌದ್ಧಿಕ ಅಂಗವೈಕಲ್ಯದವರ ಕೈಯಲ್ಲಿ ಚಹಾ ಮಾರಿಸಿ 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣವನ್ನೂ ಮುಟ್ಟಿತು. ಸಂತೋಷದ ಸಂಗತಿ. ಆದರೆ ಅದು ಆಫೀಸು, ಕಾಲೇಜುಗಳ ಗಿರಾಕಿಯನ್ನು ನಂಬಿದ ಮಾದರಿ. ಕೊಳ್ಳೇಗಾಲದ ಬಸ್ ನಿಲ್ದಾಣದ ಹೋಟೆಲಿಗೆ ಬರುವವನು ಚಹಾ ಬೇಗ ಬಂತೇ, ಲೋಟ ಶುಭ್ರವಾಗಿದೆಯೇ ಅಂತ ನೋಡುತ್ತಾನೆ, ಯಾರು ತಂದರು ಅಂತಲ್ಲ. ನನಗೆ ಇದು ಅನುಕೂಲವೆಂದೇ ಕಾಣುತ್ತದೆ. ಕರುಣೆಯಿಂದ ಸಿಕ್ಕ ಗಿರಾಕಿ ಆರು ತಿಂಗಳಿಗೆ ಬೇಸರಗೊಳ್ಳುತ್ತಾನೆ.

ನಮಗೆ ಹೆಚ್ಚು ಹತ್ತಿರದ ಪಾಠ ಕಾಸರಗೋಡಿನದು. ಕೇರಳದಲ್ಲಿ ಗ್ರಾಮ ಪಂಚಾಯಿತಿಗಳೇ ಹೆಂಗಸರ ಸ್ವಸಹಾಯ ಜಾಲವಾದ ಕುಟುಂಬಶ್ರೀ ಜೊತೆ ಸೇರಿ ನಡೆಸುವ ಬಡ್ಸ್ ಶಾಲೆಗಳು 2004ರಲ್ಲಿ ತಿರುವನಂತಪುರದ ವೆಂಙಾನೂರಿನಲ್ಲಿ ಆರಂಭವಾದವು. ಹದಿನೆಂಟು ದಾಟಿದವರಿಗೆಂದೇ ಪುನರ್ವಸತಿ ಕೇಂದ್ರಗಳೂ ಬಂದವು. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಎಂಡೋಸಲ್ಫಾನ್ ಕೀಟನಾಶಕ ಸುರಿದ ಎಣ್ಮಕಜೆ, ಬೆಳ್ಳೂರು ಮುಂತಾದ ಕಾಸರಗೋಡಿನ ಕನ್ನಡ ಮಾತಾಡುವ ಪಂಚಾಯಿತಿಗಳಲ್ಲಿ ಈ ಶಾಲೆಗಳೇ ಮನೆಯವರಿಗೆ ಉಸಿರಾಡಲು ಬಿಡುವು ಕೊಟ್ಟವು. ಕರ್ನಾಟಕದ ಕಡೆ ಕೊಕ್ಕಡ, ಕೊಯಿಲದಲ್ಲಿ ಎಂಡೋ ಪೀಡಿತರಿಗೆ ಪಾಲನಾ ಕೇಂದ್ರಗಳಾದವು. ವಿಷ ಬಿದ್ದ ಊರಿಗೆ ಮಾತ್ರ ಇಂಥ ಕೇಂದ್ರ ಎಂದೇನೂ ನಿಯಮವಿಲ್ಲ.

ನಮ್ಮ ಪಂಚಾಯಿತಿಗಳು ಬರಿಗೈಯಲ್ಲೇನೂ ಇಲ್ಲ. ತಮ್ಮ ಸಂಪನ್ಮೂಲದ ಶೇ 5ನ್ನು ವಿಕಲಚೇತನರಿಗೆ ಎತ್ತಿಡಬೇಕೆಂಬ ಆದೇಶವಿದೆ. ವರ್ಷದ ಕೊನೆಗೆ ಅದು ಸಾಮಾನ್ಯವಾಗಿ ಕುಕ್ಕರ್, ಫ್ಯಾನು, ಹೊಲಿಗೆ ಯಂತ್ರವಾಗಿ ಫೋಟೋ ಸಮೇತ ಹಂಚಿಹೋಗುತ್ತದೆ. ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಕಾರ್ಯಕರ್ತ ಇದ್ದಾರೆ. ಅಂಗವೈಕಲ್ಯ ಇರುವವರೇ ಆದ ಇವರು ಅಲ್ಪ ಗೌರವಧನಕ್ಕೆ ಮನೆಮನೆ ಸುತ್ತುತ್ತಾರೆ, ಆದರೆ ಅವರ ದಿನವೆಲ್ಲ ಮಾಸಾಶನ, ಕಾರ್ಡು, ಅರ್ಜಿಯಲ್ಲೇ ಕಳೆಯುತ್ತದೆ. ಇವರಿಗೆ ಜೊತೆಗಾರನ ಕೆಲಸ ಕಲಿಸಿ, ಒಂದು ಬೆಳೆಗಾಲ ಒಬ್ಬ ಹುಡುಗನ ಪಕ್ಕ ನಿಲ್ಲುವಷ್ಟು ಬಿಡುವು, ಅದಕ್ಕೆ ತಕ್ಕ ಸಂಬಳ ಕೊಟ್ಟರೆ ಆ ಶೇ 5 ಕುಕ್ಕರಿಗಿಂತ ಹೆಚ್ಚು ದಿನ ಬಾಳುತ್ತದೆ. ಉದ್ಯೋಗ ಖಾತ್ರಿಯಲ್ಲಿ ವಿಕಲಚೇತನರು ಅರ್ಧ ಪ್ರಮಾಣದ ಕೆಲಸ ಮಾಡಿದರೂ ಪೂರ್ತಿ ಕೂಲಿ ಕೊಡುವ ರಿಯಾಯಿತಿಯನ್ನು ಕರ್ನಾಟಕ ಮಾಡಿತ್ತು. ನೀರು ಕೊಡುವುದು, ಸಸಿಗೆ ಪಾತಿ ಮಾಡುವುದು ಬುದ್ಧಿಯ ಊನ ಇರುವವರಿಗೂ ಆಗುತ್ತದೆ ಎಂದು ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ಹೇಳಬೇಕಷ್ಟೆ.

ದೊಡ್ಡ ಯಜಮಾನರೂ ಇದ್ದಾರೆ. ಮಹದೇಶ್ವರ ಬೆಟ್ಟದಲ್ಲಿ ಅಮಾವಾಸ್ಯೆ, ಶಿವರಾತ್ರಿ, ದೀಪಾವಳಿಗೆ ಸೇರುವ ಜನಕ್ಕೆ ದಾಸೋಹದಲ್ಲಿ ಎಷ್ಟು ತರಕಾರಿ ಹೆಚ್ಚಬೇಕು, ಎಷ್ಟು ಲಾಡು ಕಟ್ಟಬೇಕು, ಎಷ್ಟು ತಟ್ಟೆ ತೊಳೆಯಬೇಕು! ಹೆಜ್ಜೆಹೆಜ್ಜೆಯಾಗಿ ಬಿಡಿಸಿ ಕೊಡಬಹುದಾದ ಕೆಲಸ ಇದಕ್ಕಿಂತ ಬೇಕೆ? ಅದೇ ಬೆಟ್ಟದ ಸೋಲಿಗರಿಗೆ ಏಟ್ರೀ ಸಂಸ್ಥೆ ಕಾಡಿನ ಕಳೆಯಾದ ಲಂಟಾನದಿಂದ ಕುರ್ಚಿ, ಮೇಜು ಮಾಡುವುದನ್ನು ಕಲಿಸಿತು. ಕಡ್ಡಿ ಬೇಯಿಸುವುದು, ಸಿಪ್ಪೆ ಸುಲಿಯುವುದು, ಬಗ್ಗಿಸುವುದು, ಮೊಳೆ ಹೊಡೆಯುವುದು ಬೇರೆ ಬೇರೆ ಕೈಗಳಿಗೆ ಹಂಚಬಹುದಾದ ಕೆಲಸ. ಸಿಪ್ಪೆ ಸುಲಿಯುವವನಿಗೆ ಕುರ್ಚಿಯ ಲೆಕ್ಕಾಚಾರ ಗೊತ್ತಿರಬೇಕಿಲ್ಲ. 2016ರ ಕಾಯ್ದೆ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು ಅನ್ನುತ್ತದೆ. ಬೆಟ್ಟದ ಪ್ರಾಧಿಕಾರ, ಕೊಳ್ಳೇಗಾಲದ ಸೀರೆ ಅಂಗಡಿಗಳು, ಅಕ್ಕಿ ಗಿರಣಿಗಳು ಅಲ್ಲಿಂದ ಶುರು ಮಾಡಬಹುದು.

ಇನ್ನು ಕೂಲಿಯ ಮಾತು. ಗೂಡು ಬಿಡಿಸುವವರಿಗೆ ಊರಿನಲ್ಲಿ ಇರುವ ದರವೇ ಇವನಿಗೂ. ನಿಧಾನವಾದರೆ ಚಂದ್ರಿಕೆಯ ಲೆಕ್ಕದಲ್ಲಿ ಕೊಡಿ, ಪುಣ್ಯದ ಲೆಕ್ಕದಲ್ಲಿ ಬೇಡ. ಹಣ ಅವನ ಹೆಸರಿನ ಖಾತೆಗೆ ಹೋಗಲಿ, ವಾರಕ್ಕೊಮ್ಮೆ ಅದರಲ್ಲಿ ಸ್ವಲ್ಪ ಅವನ ಕೈಗೇ ಬರಲಿ. ‘ಅವನಿಗೆ ದುಡ್ಡು ಯಾಕೆ’ ಎಂದು ಕೇಳುವ ಮನೆಯವರೇ, ಅವನು ಸಂತೆಯಲ್ಲಿ ಬೋಂಡಾ ಕೊಂಡು ತಂಗಿಗೂ ತಂದುಕೊಟ್ಟ ದಿನ ಆ ಪ್ರಶ್ನೆ ಬಿಡುತ್ತಾರೆ. ಸಂಪಾದನೆ ಶುರುವಾದರೆ ಮಾಸಾಶನ ನಿಂತೀತು ಎಂಬ ಅಂಜಿಕೆ ದೊಡ್ಡದು. ಕೆಲಸಕ್ಕೆ ಕಳಿಸುವ ಮೊದಲೇ ನಾಡಕಚೇರಿಯಲ್ಲಿ ಆದಾಯದ ಮಿತಿ ಕೇಳಿ, ಬರೆಸಿಕೊಂಡು ಹೋಗುವುದು ಕಾರ್ಯಕರ್ತರ ಕೆಲಸವಾಗಬೇಕು.

ಮೊದಲ ಕೆಲಸ ನಿಲ್ಲದೆ ಹೋಗಬಹುದು. ಗೂಡಿನ ವಾಸನೆ ಹಿಡಿಸದೆ ಓಡಿಬರಬಹುದು, ಗ್ಯಾರೇಜಿನ ಗದ್ದಲಕ್ಕೆ ಹೆದರಬಹುದು, ಯಜಮಾನನೇ ಸಾಕಪ್ಪಾ ಅನ್ನಬಹುದು. ಬುದ್ಧಿವಂತ ಹುಡುಗ ಮೂರು ಅಂಗಡಿ ಬದಲಿಸಿದರೆ ಅನುಭವವಾಯಿತು ಅನ್ನುತ್ತೇವೆ. ಇವನು ಒಂದು ಬಿಟ್ಟರೆ ‘ನಾವು ಮೊದಲೇ ಹೇಳಿರಲಿಲ್ವಾ’ ಎಂದು ಮತ್ತೆ ಜಗಲಿಗೆ ಕೂರಿಸುತ್ತೇವೆ. ಬಿಟ್ಟ ಮಾರನೆಯ ದಿನವೇ ಜೊತೆಗಾರ ಮನೆಗೆ ಬಂದು, ಏನು ಸರಿಹೋಗಲಿಲ್ಲ ಎಂದು ಹಾಳೆಯಲ್ಲಿ ಬರೆದುಕೊಂಡು, ಊರಾಚೆಯ ಸಸಿ ನರ್ಸರಿಯ ಯಜಮಾನನನ್ನು ಮಾತಾಡಿಸಲು ಹೊರಡಬೇಕು.